ಇಂಟರ್‌ವಲ್ ಆದ್ಮೇಲೆ: ಒಂದು ತಿದ್ದುಪಡಿ

ಓದುಗ ಮಹಾಶಯರೇ, ಈ ವಾರ ತಾರಾಮಣಿಯರ ಸುದ್ದಿ ಇಲ್ಲ. ಯಾರ ಚಿತ್ರ ಎಷ್ಟು ಕೋಟಿ ಬಾಚಿತು ಎಂಬ ಲೆಕ್ಕವೂ ಇಲ್ಲ. ಸಿಟ್ಟಾಗಬೇಡಿ ಸ್ವಾಮಿ. ನಿಮ್ಮ ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ ತಾನೇ? ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕೂತ್ಕೊಳ್ಳಿ. ಈ ವಾರ ನಾನೊಂದು ತಿದ್ದುಪಡಿ ಬರೆಯಬೇಕಾಗಿದೆ.

ಹಳೆಯ ಓದುಗರಿಗೆ ನೆನಪಿದ್ದರೂ ಇರಬಹುದು. 2003ರ ಸುಮಾರಿಗೆ ಇದೇ ಅಂಕಣದಲ್ಲಿ ನನ್ನ ಕಾಲೇಜು ಗೆಳೆಯನೊಬ್ಬನ ಬಗ್ಗೆ ಬರೆದಿದ್ದೆ. ಕುಂದಾಪುರದ ಹೊಳೆ ನಡುವಿನ ಒಂದು ಕುದ್ರುವಿನ ಹುಡುಗ. ಸಿನಿಮಾ ಅಂದ್ರೆ ಪ್ರಾಣ. ಆದರೆ ಪಾಪ, ಯಾವ ಚಿತ್ರದ್ದೂ ಕ್ಲೈಮ್ಯಾಕ್ಸ್ ನೋಡಿದವನಲ್ಲ! ಸಂಜೆ ಆಟಕ್ಕೆ ಬಂದು, ವಿಲನ್ ಇನ್ನೇನು ಸಿಕ್ಕಿಬೀಳಬೇಕು ಅನ್ನುವಾಗ ಎದ್ದು ಓಡುವನು. ಯಾಕೆ? ಹೊಳೆಯ ನೀರು ಇಳಿದುಬಿಟ್ಟರೆ ದೋಣಿ ದಾಟುವುದಿಲ್ಲ. ಮರುದಿನ ಕಾಲೇಜಿನ ಕಟ್ಟೆಯ ಮೇಲೆ ನಾವು ಅವನಿಗೆ ಕ್ಲೈಮ್ಯಾಕ್ಸ್ ಹೇಳಬೇಕು. ಒಬ್ಬೊಬ್ಬರು ಒಂದೊಂದು ಥರ ಹೇಳುವೆವು. ಸತ್ತವರನ್ನು ಬದುಕಿಸುವೆವು, ಬದುಕಿದವರನ್ನು ಸಾಯಿಸುವೆವು. ಅವನು ಬಾಯಿ ಬಿಟ್ಟುಕೊಂಡು ಎಲ್ಲವನ್ನೂ ನಂಬುವನು. ಇಷ್ಟನ್ನು ಉಪ್ಪು ಖಾರ ಹಚ್ಚಿ ಬರೆದಿದ್ದೆ. ಚೆನ್ನಾಗಿ ನಕ್ಕೆವು ಎಂದು ನಿಮ್ಮಲ್ಲಿ ಎಷ್ಟೋ ಜನ ಕಾರ್ಡು ಹಾಕಿದ್ದಿರಿ. 'ಕೊನೆಗೆ ಪರೀಕ್ಷೆಗೂ ಹಾಗೇ ಮಾಡಿದ, ಕ್ಲೈಮ್ಯಾಕ್ಸಿಗೆ ಮುಂಚೆ ಎದ್ದು ಹೋದ' ಎಂದು ಮುಗಿಸಿದ್ದೆ. ಆ ಸಾಲು ನನಗೇ ಬಹಳ ಹಿಡಿಸಿತ್ತು.

ಆ ಬರಹದಲ್ಲಿ ಒಂದು ತಪ್ಪಿತ್ತು.

ನಾವು ನಾಲ್ವರು. ಭಂಡಾರ್‌ಕರ್ಸ್ ಕಾಲೇಜಿನಲ್ಲಿ 1994ಕ್ಕೆ ಡಿಗ್ರಿ ಮುಗಿಸಬೇಕಾಗಿದ್ದವರು. ಒಬ್ಬ ಬ್ರಹ್ಮಾವರದವನು, ಈಗ ದುಬೈ. ಒಬ್ಬ ಬೈಂದೂರಿನವನು, ಮುಂಬೈಯಲ್ಲಿ ಹೋಟ್ಲು. ಮೂರನೆಯವನು ಗಾಂಧಿನಗರದ ಗಲ್ಲಿ ಅಲೆದು ಈ ಅಂಕಣ ಬರೆಯುವ ನಿಮ್ಮ ಸೇವಕ. ನಾಲ್ಕನೆಯವನೇ ಕುದ್ರುವಿನವನು. ಹೆಸರುಗಳು ಬೇಡ. ಯಾಕೆ ಬೇಡ ಅನ್ನೋದು ಕೊನೆಗೆ ತಿಳಿಯುತ್ತದೆ.

ಮೂವತ್ತು ವರ್ಷ ತುಂಬಿದ ನೆಪದಲ್ಲಿ ದುಬೈಯವನು ಒಂದು ವಾಟ್ಸಾಪ್ ಗ್ರೂಪು ಮಾಡಿದ. ಕುದ್ರುವಿನವನನ್ನು ಹೆಮ್ಮಾಡಿಯಲ್ಲಿ ಯಾರದೋ ಮದುವೆಯಲ್ಲಿ ಕಂಡು ನಂಬರು ತಂದವನು ಬೈಂದೂರಿನವನು. ನಾಲ್ವರೂ ಸೇರಿ ಯಾವುದಾದರೂ ದ್ವೀಪಕ್ಕೆ ಹೋಗಿ ನಾಲ್ಕು ದಿನ ಇರಬೇಕು, ಹೆಂಡತಿ ಮಕ್ಕಳ ಗಲಾಟೆ ಇರಬಾರದು ಅಂತ ನಿರ್ಣಯವಾಯಿತು. ಯಾವ ದ್ವೀಪ? ದುಬೈಯವನು ಮಾಲ್ಡೀವ್ಸ್ ಅಂದ. ನೀರಿನ ಮೇಲೆಯೇ ಕಟ್ಟಿದ ಮನೆಗಳ ಫೋಟೋ ಹಾಕಿದ. ಬೈಂದೂರಿನವನು ಶಿವಣ್ಣನ ಭಕ್ತ, 1998ರ 'ಅಂಡಮಾನ್' ನೋಡಿದ ದಿನದಿಂದ ಅಂಡಮಾನಿಗೆ ಹೋಗಬೇಕೆಂದು ಹಟ. ಲಕ್ಷದ್ವೀಪ ಅಂತ ಯಾರೋ ಅಂದ್ರು, ಅದಕ್ಕೆ ಪರ್ಮಿಟ್ ಬೇಕು ಎಂದು ಕೈಬಿಟ್ರು. ನಾನು ಚಲನಚಿತ್ರ ಪಂಡಿತನಲ್ಲವೇ, ನನ್ನ ಪಾಂಡಿತ್ಯ ತೋರಿಸಿದೆ. ಕನ್ನಡದ ಕ್ಯಾಮೆರಾ ಮೊದಲ ಸಲ ವಿದೇಶಕ್ಕೆ ಹೋಗಿದ್ದು 1978ರ 'ಸಿಂಗಾಪುರದಲ್ಲಿ ರಾಜಾಕುಳ್ಳ' ಚಿತ್ರಕ್ಕೆ. ಸಿಂಗಾಪುರವೂ ದ್ವೀಪವೇ! ದ್ವಾರಕೀಶ್ ಮತ್ತು ವಿಷ್ಣು ಹೋದಲ್ಲಿಗೆ ನಾವೂ ಹೋಗೋಣ ಅಂದೆ. ಟಿಕೆಟ್ ದುಡ್ಡು ಬೇರೆ ಯಾರಾದ್ರೂ ಕೊಟ್ರೆ ನಾನು ಯಾವ ದ್ವೀಪಕ್ಕಾದ್ರೂ ಸಿದ್ಧ.

ಮೂರು ವಾರ ಈ ಚರ್ಚೆ. ಕುದ್ರುವಿನವನದು ಮಾತಿಲ್ಲ. ಎಲ್ಲದಕ್ಕೂ ಒಂದು ಹೆಬ್ಬೆಟ್ಟು. ಪಾಸ್‌ಪೋರ್ಟ್ ಇದೆಯೇನೋ ಎಂದು ದುಬೈಯವನು ಕೇಳಿದ ಮೇಲೆ ಹೆಬ್ಬೆಟ್ಟೂ ನಿಂತಿತು. ಎರಡು ದಿನ ಬಿಟ್ಟು ಒಂದು ಸಾಲು ಬಂತು.

"ನಾ ದಿನಾ ದ್ವೀಪದಗೇ ಇಪ್ಪುದ್ ಮರಾಯ. ರಜೆಗೂ ದ್ವೀಪಕ್ಕೇ ಹೋಯ್ಕಾ? ನೀವೇ ಇಲ್ಲಿಗೆ ಬನ್ನಿ."

ಮುಗಿಯಿತು. ದುಬೈಯವನು ಗುಂಪಿನಲ್ಲಿ ಅರ್ಧ ದಿನ ಮೌನ. ಆಮೇಲೆ 'ಸರಿ' ಅಂದ. ಅವನಿಗೆ ನಾಚಿಕೆಯಾಗಿತ್ತು, ನನಗೂ.

ಘಟ್ಟದ ಮೇಲಿನ ಓದುಗರಿಗೆ ಕುದ್ರು ಅಂದ್ರೆ ಏನು ಅಂತ ಒಂದು ಮಾತು. ಕುಂದಾಪುರದ ಪಕ್ಕದಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ಐದು ಹೊಳೆಗಳು ಕೂಡಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತವೆ. ಪಂಚಗಂಗಾವಳಿ ಅಂತ ಹೆಸರು. ಹೊಳೆ ತಂದ ಮಣ್ಣು ನಡುನಡುವೆ ನಿಂತು ದ್ವೀಪಗಳಾಗಿವೆ. ಅವೇ ಕುದ್ರು. ಉಪ್ಪಿನಕುದ್ರು ದೊಡ್ಡದು, ರಸ್ತೆ ಇದೆ, ಕೊಗ್ಗ ಕಾಮತರ ಮನೆತನದ ಯಕ್ಷಗಾನ ಬೊಂಬೆಯಾಟದಿಂದ ಹೊರದೇಶಕ್ಕೂ ಗೊತ್ತು. ನಮ್ಮವನದು ನಾಲ್ಕು ಮನೆ, ಇನ್ನೂರು ತೆಂಗಿನಮರದ ಸಣ್ಣ ಕುದ್ರು. ಸೇತುವೆ ಇಲ್ಲ. ಸುತ್ತ ನೀರು, ಆದರೆ ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪು. ಸಮುದ್ರ ದಿನಕ್ಕೆರಡು ಸಲ ಹೊಳೆಯೊಳಗೆ ಬಂದು ಹೋಗುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಇಳಿತದಲ್ಲಿ ದಡದ ಬಳಿ ಬರೀ ಕೆಸರು. ನಮ್ಮ ಗೆಳೆಯ ತಿಥಿ ಲೆಕ್ಕ ಹಾಕಿ ಸಿನಿಮಾಕ್ಕೆ ಬರುತ್ತಿದ್ದ ಅಂದ್ರೆ ನಂಬ್ತೀರಾ? "ಇವತ್ತ್ ಎಂಟೂ ಇಪ್ಪತ್ತಕ್ಕೆ ಏಳ್ಕ್" ಎಂದು ಟಿಕೆಟ್ ತಗೊಳ್ಳುವ ಮುಂಚೆಯೇ ಹೇಳುವನು. ಇದನ್ನೂ ನಾನು ಆಗ ಹಾಸ್ಯವಾಗಿಯೇ ಬರೆದಿದ್ದೆ.

ಹೊರಟೆವು. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದೆ. ಬೈಂದೂರಿನವನು ಮುಂಬೈಯಿಂದ ರೈಲಿನಲ್ಲಿ ಬಂದು ಮೂಕಾಂಬಿಕಾ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಮರವಂತೆಯಲ್ಲಿ ಈಚೆ ಕಡಲು ಆಚೆ ಸೌಪರ್ಣಿಕೆ ನೋಡ್ಕೊಂಡು ಲೋಕಲ್ ಬಸ್ಸಿನಲ್ಲೇ ಬಂದ. ಕಾಲೇಜಿನಲ್ಲಿ ಅವನ ಪಾಸ್ ಆ ಬಸ್ಸಿನದೇ. ನಾವು ಓದುವಾಗ ಈ ರೈಲು ಇರಲಿಲ್ಲ, ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ದುಬೈಯವನು ಬ್ರಹ್ಮಾವರದ ತನ್ನ ಮನೆಯಿಂದ ಅಣ್ಣನ ಕಾರು ತಂದಿದ್ದ. ಮೂವರೂ ಬಾಯಿ ಬಿಟ್ಟದ್ದೇ ತಡ, ಮೂವತ್ತು ವರ್ಷದ ಧೂಳು ಕೊಡವಿ ಕುಂದಾಪ್ರ ಕನ್ನಡ ಹೊರಗೆ ಬಂತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಇದೇ ನಮ್ಮ ಭಾಷೆ. ನಾನು ಗಾಂಧಿನಗರಕ್ಕೆ ಬಂದ ಹೊಸದರಲ್ಲಿ ಈ ಭಾಷೆಗೆ ನಗುತ್ತಿದ್ದರು. 2022ರಲ್ಲಿ 'ಕಾಂತಾರ' ಬಂದ ಮೇಲೆ ಕೆರಾಡಿ ಎಲ್ಲಿದೆ ಅಂತ ಅದೇ ಜನ ನನ್ನನ್ನು ಕೇಳಿದರು. ಇರಲಿ.

ಕುದ್ರುವಿನವನು ಸರ್ಕಲ್ಲಿನಲ್ಲಿ ನಮಗಿಂತ ಮುಂಚೆ ಬಂದು ನಿಂತಿದ್ದ. ತಲೆ ಪೂರ್ತಿ ಬಿಳಿ. ಕೈ ಮಾತ್ರ ಹುಟ್ಟು ಹಾಕಿ ಹಾಕಿ ಮರದ ಕೊರಡಿನ ಹಾಗೆ. "ಹ್ವಾಯ್, ಎಂತ ಮರಾಯ, ಹೊಟ್ಟೆ ಹೀಂಗ್ ಬಂದಿತ್ತಲೆ!" ಎಂದು ನನ್ನ ಹೊಟ್ಟೆಗೆ ಒಂದು ಗುದ್ದು ಕೊಟ್ಟ. ಅಲ್ಲಿಗೆ ಅಂಜಿಕೆ ಹೋಯಿತು.

ಅವತ್ತು ಹಗಲು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿ ಬರುವುದು, ರಾತ್ರಿಗೆ ಕುದ್ರು ಅಂತ ಏರ್ಪಾಡು. ಕಾಲೇಜಿನಲ್ಲಿ ಒಮ್ಮೆ ಹೋದ ಜಾಗ. ದೋಣಿಯಲ್ಲಿ ಅರ್ಧ ಗಂಟೆ. ಕಂಬ ಕಂಬವಾಗಿ ನಿಂತ ಕರಿ ಕಲ್ಲುಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬಿಟ್ಟು ಹೋಗುವ ಕಾಲದಲ್ಲಿ ಹರಿದ ಲಾವಾ ತಣಿದು ಆದದ್ದಂತೆ. ಸೆಲ್ಫಿ ತೆಗೆಯುವವರ ಗಲಾಟೆಯಲ್ಲಿ ಕಲ್ಲು ಕಾಣುವುದೇ ಕಷ್ಟ. ದುಬೈಯವನು ಪ್ಯಾಂಟು ಮಡಚಿ ನೀರಿಗಿಳಿದು, "ಮಾಲ್ಡೀವ್ಸಲ್ಲೂ ಇಷ್ಟೇ ಮರಾಯ" ಅಂದ. ಅವನ ಆ ಒಂದು ಮಾತಿಗೆ ನಾನು ಅವನ ಎಲ್ಲಾ ಫೋಟೋಗಳನ್ನು ಕ್ಷಮಿಸಿದೆ.

ಸಂಜೆ ಕಡೆಯ ದೋಣಿ ಹೊರಡುತ್ತದೆ ಎಂದು ಸೀಟಿ ಊದಿದರು. ಆ ದ್ವೀಪದಲ್ಲಿ ರಾತ್ರಿ ಯಾರೂ ಉಳಿಯುವಂತಿಲ್ಲ. ಜನ ಬಿದ್ದು ಎದ್ದು ಓಡಿದರು. ಚಪ್ಪಲಿ ಬಿಟ್ಟವರೆಷ್ಟೋ, ಮಕ್ಕಳನ್ನು ಕೂಗುವವರೆಷ್ಟೋ. ನಮ್ಮ ಕುದ್ರುವಿನವನು ಮಾತ್ರ ಕಲ್ಲಿನ ಮೇಲೆ ಕೂತು ಈ ಓಟವನ್ನೇ ಸಿನಿಮಾದ ಹಾಗೆ ನೋಡ್ತಾ ಇದ್ದ.

"ಇವ್ರಿಗೆ ದ್ವೀಪ ಕಂಡಾಯ್ತಂಬ್ರ್" ಅಂದ. "ಕಡೀ ದೋಣಿ ತಪ್ದ್ ಮೇಲೇ ಮರಾಯ, ದ್ವೀಪ ಅಂದ್ರೆ ಎಂತ ಅಂದ್ ಗೊತ್ತಾಪುದ್."

ಆ ಮಾತನ್ನು ನಾವು ತಮಾಷೆ ಎಂದೇ ತಗೊಂಡೆವು.

ಕುಂದಾಪುರಕ್ಕೆ ಬರುವಾಗ ಕತ್ತಲೆಯಾಗಿತ್ತು. ಹೊಳೆಬದಿಯಲ್ಲಿ ಅವನ ದೋಣಿ. ದುಬೈಯವನೂ ಬೈಂದೂರಿನವನೂ ಮುಂದೆ ಕೂತು, ಕಾಲೇಜಿನಲ್ಲಿ ಯಾರು ಯಾರಿಗೆ ಚೀಟಿ ಬರೆದಿದ್ದರು ಎಂಬ ಇತಿಹಾಸ ತೆಗೆದಿದ್ದರು. ನಾನು ಹಿಂದೆ, ಹುಟ್ಟು ಹಾಕುವವನ ಬಳಿ.

"ನೀ ನನ್ ಮೇಲೆ ಬರ್ದದ್ದ್ ಓದಿದ್ದೆ" ಅಂದ ಮೆಲ್ಲಗೆ. "ಬಸ್ ಸ್ಟ್ಯಾಂಡಗೆ ತಕಂಡದ್ದ್. ಲಾಯ್ಕ್ ಬರ್ದಿದ್ದೆ. ಒಂದ್ ತಪ್ಪ್ ಇತ್ತ್ ಅದ್ರಗೆ."

ನನ್ನ ಹೊಟ್ಟೆಯೊಳಗೆ ಏನೋ ಹೊರಳಿತು. ಏನು ತಪ್ಪು ಅಂತ ಕೇಳಿದೆ.

"ಒಂದ್ ಪಿಕ್ಚರ್ ನಾ ಪೂರ್ತಿ ಕಂಡಿದ್ದೆ."

ಅಷ್ಟರಲ್ಲಿ ದಡ ಬಂತು. ಅವನ ಅಬ್ಬಿ, ಅಂದ್ರೆ ಅಮ್ಮ, ಎಂಬತ್ತು ದಾಟಿದ ಮುದುಕಿ, ಜಗಲಿಯಲ್ಲಿ ಕೂತಿದ್ದಳು. "ಕಾಲೇಜ್ ಮಕ್ಕಳ್ ಬಂದ್ರಾ?" ಎಂದು ನಮ್ಮ ಐವತ್ತು ದಾಟಿದ ಕೆನ್ನೆಗಳನ್ನು ಸವರಿದಳು. ಅವನ ಹೆಂಡತಿ ಚಟ್ಲಿ ಸುಕ್ಕ, ಕಾಣೆ ಮೀನು ಹುರಿದದ್ದು, ಕೋಳಿ ಸಾರು, ರೊಟ್ಟಿ ಎಲ್ಲಾ ಮಾಡಿದ್ದರು. ಅಡುಗೆಯ ವರ್ಣನೆ ಬೇಡ, ನೀವು ಬಸ್ ಸ್ಟ್ಯಾಂಡ್ ಕ್ಯಾಂಟೀನಿನ ಬನ್ನು ತಿಂದು ಓದುತ್ತಿರಬಹುದು. ಬೈಂದೂರಿನವನು ಸ್ವತಃ ಹೋಟ್ಲಿನವನು, ನಾಲ್ಕು ಸಲ ಬಡಿಸಿಕೊಂಡ ಎಂದಷ್ಟೇ ಹೇಳುವೆ.

ಊಟವಾದ ಮೇಲೆ ದುಬೈಯವನು ತನ್ನ ಪೆಟ್ಟಿಗೆಯಿಂದ ಅಂಗೈ ಅಗಲದ ಪ್ರೊಜೆಕ್ಟರ್ ತೆಗೆದ. ಅಂಗಳದ ಎರಡು ತೆಂಗಿಗೆ ಬಿಳಿ ಪಂಚೆ ಕಟ್ಟಿದೆವು. ಚಿತ್ರ ಯಾವುದು? 'ಓಂ'. ಬೇರೆ ಪ್ರಶ್ನೆಯೇ ಇಲ್ಲ. 1995ರಲ್ಲಿ ಅದು ಬಂದಾಗ ನಾವು ಮೂವರೂ ಊರು ಬಿಟ್ಟಾಗಿತ್ತು. ಕುದ್ರುವಿನವನು ಟಾಕೀಸಿಗೆ ಹೋಗುವುದನ್ನೇ ಬಿಟ್ಟಿದ್ದ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಮನೆಯವರೂ ಚಾಪೆ ತಂದು ಕೂತರು. ಶಿವಣ್ಣ ಪಂಚೆಯ ಮೇಲೆ ಬಂದಾಗ ಬೈಂದೂರಿನವನು ಹಾಕಿದ ಸೀಟಿಗೆ ಆಚೆ ದಡದ ನಾಯಿ ಬೊಗಳಿತು! ಗಾಳಿ ಬಂದಾಗೆಲ್ಲ ಚಿತ್ರ ಅಲುಗಾಡುತ್ತಿತ್ತು. ಈಚೆಗೆ ಯಾವ ಮಾಲ್‌ನಲ್ಲೂ ಅಷ್ಟು ಖುಷಿಯಿಂದ ನಾನು ಸಿನಿಮಾ ನೋಡಿಲ್ಲ.

ಕ್ಲೈಮ್ಯಾಕ್ಸ್ ಹತ್ತಿರ ಬಂತು. ಕುದ್ರುವಿನವನು ಮೆಲ್ಲಗೆ ಎದ್ದ. ಟಾರ್ಚು ತಗೊಂಡು ಹೊಳೆಯ ಕಡೆ ನಡೆದ. ನಾನೂ ಹಿಂದೆ ಹೋದೆ. ನೀರು ಇಳಿಯುವ ಹೊತ್ತು. ಹಗ್ಗ ಬಿಗಿಯಾದರೆ ದೋಣಿ ವಾಲುತ್ತದೆ, ಸಡಿಲ ಮಾಡಬೇಕಂತೆ. ಹಗ್ಗ ಸಡಿಲ ಮಾಡಿ, ದಡದ ಕಲ್ಲಿನ ಮೇಲೆ ಕೂತ.

"ಯಾವ ಪಿಕ್ಚರು?" ಅಂದೆ.

"'ಶ್!'"

ಸಿನಿಮಾ ಗೊತ್ತಿಲ್ಲದ ಹುಡುಗರಿಗೆ ಹೇಳಿಬಿಡ್ತೇನೆ. 'ಶ್!' 1993ರ ಚಿತ್ರ. ನಿರ್ದೇಶನ ಉಪೇಂದ್ರ. 'ತರ್ಲೆ ನನ್ಮಗ' ಆದ ಮೇಲೆ ಅವರದು ಎರಡನೆಯದು. ಗುರು ಕಾಶೀನಾಥ್ ಕೂಡ ಅದರಲ್ಲಿ ನಟಿಸಿದ್ದಾರೆ. 2018ರಲ್ಲಿ ತೀರಿಕೊಂಡರು, ಪುಣ್ಯಾತ್ಮ. ಗುರು ಶಿಷ್ಯ ಇಬ್ಬರೂ ಮೂಲದಲ್ಲಿ ನಮ್ಮ ಕುಂದಾಪುರ ಕಡೆಯವರು, ಹಾಗಾಗಿ ನಮಗೆ ಮನೆಯ ಹಬ್ಬ. ಕೊಲೆ ಮೇಲೆ ಕೊಲೆ, ದೆವ್ವವೋ ಮನುಷ್ಯನೋ ಎಂದು ಕಡೆಯ ರೀಲಿನವರೆಗೆ ತಿಳಿಯುವುದಿಲ್ಲ. ಸಣ್ಣ ಊರಿಗೆ ಪ್ರಿಂಟು ತಡವಾಗಿ ಬರುವ ಕಾಲ. ನಮ್ಮ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು.

ಅವನು ಎಂದಿನ ಹಾಗೆ ಎದ್ದು ನಿಂತಿದ್ದನಂತೆ. ಯಾರೋ ಅಂಗಿ ಹಿಡಿದು ಎಳೆದು ಕೂರಿಸಿದರಂತೆ. "ಐದ್ ನಿಮಿಷ ಕೂಕೋ ಮರಾಯ, ಯಾರ್ ಕೊಲೆ ಮಾಡದ್ದ್ ಅಂದ್ ಕಂಡ್ಕಂಡ್ ಹೋಗ್" ಅಂದರಂತೆ.

ಯಾರೋ ಅಲ್ಲ. ನಾನು. ಅವನು ಹೇಳುವಾಗ ಆ ಅಂಗಿಯ ಚೌಕುಳಿ ಕೂಡ ನನಗೆ ನೆನಪಾಯಿತು.

ಐದು ನಿಮಿಷ ಅರ್ಧ ಗಂಟೆಯಾಯಿತು. ಮನೆಯ ದೋಣಿ ಒಂದೇ, ಅದನ್ನು ಇವನೇ ಈಚೆ ದಡಕ್ಕೆ ತಂದಿದ್ದ. ದಡಕ್ಕೆ ಬಂದು ನೋಡಿದರೆ ಆಚೆ ಕುದ್ರುವಿನಲ್ಲಿ ಅಬ್ಬಿ ಲಾಟೀನು ಆಡಿಸುತ್ತಿದ್ದಾಳೆ. ತಡವಾಯ್ತು ಅಂತ ಸಿಟ್ಟು ಬಂದಿದೆ, ಇವತ್ತು ಬೈಗುಳ ಖಂಡಿತ ಎಂದುಕೊಂಡ. ಹಾಗೆಂದು ಹುಟ್ಟನ್ನು ಇನ್ನೂ ನಿಧಾನ ಹಾಕಿದ. ಹೊಳೆ ನಡುವೆ ಕೂತು ಕೊಲೆಗಾರನ ವಿಷಯವನ್ನೇ ಯೋಚಿಸಿದನಂತೆ. ಜೀವನದಲ್ಲಿ ಮೊದಲ ಸಲ ಒಂದು ಕಥೆ ಪೂರ್ತಿ ನೋಡಿದ ಖುಷಿ.

ಮನೆಯೊಳಗೆ ಅಪ್ಪಯ್ಯನ ಬಲಗೈ, ಬಲಗಾಲು ಬಿದ್ದು ಹೋಗಿತ್ತು. ಮಾತು ತೊದಲುತ್ತಿತ್ತು. ಸಂಜೆ ಏಳಕ್ಕೇ ಆಗಿತ್ತು. ಉಳಿದ ಮೂರು ಮನೆಯವರು ಮೀನಿಗೆ ಹೋಗಿದ್ದರು. ಎತ್ತಿ ದೋಣಿಗೆ ಹಾಕಿ ಹೊರಟರೆ ಈಚೆ ದಡದಲ್ಲಿ ನೀರು ಇಳಿದು ಬರೀ ಕೆಸರು. ದೋಣಿ ಮುಟ್ಟಲಿಲ್ಲ. ಮೊಣಕಾಲು ಹೂಳಿನಲ್ಲಿ ಅಪ್ಪಯ್ಯನನ್ನು ಹೆಗಲ ಮೇಲೆ ಹೊತ್ತು ನಡೆದ. ಆಸ್ಪತ್ರೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಬೇಗ ತಂದಿದ್ದರೆ ಕೈ ಬರುತ್ತಿತ್ತೋ ಏನೋ ಎಂದು ಯಾರೋ ಅಂದರಂತೆ. ಅಪ್ಪಯ್ಯ ಹನ್ನೊಂದು ವರ್ಷ ಹಾಗೆಯೇ ಇದ್ದ. ದೋಣಿಯ ಹುಟ್ಟು ಮರುದಿನದಿಂದ ಇವನ ಕೈಗೆ ಬಂತು. ಪರೀಕ್ಷೆ ಬರೆಯಲಿಲ್ಲ.

ಆಗ ನಾವೇನು ಮಾಡಿದೆವು? ಪರೀಕ್ಷೆಗೆ ಹೆದರಿ ಮಾಯವಾದ ಎಂದು ಕಟ್ಟೆಯ ಮೇಲೆ ಕೂತು ನಕ್ಕೆವು. ಒಂದು ಹೊಳೆ ದಾಟಿ ಹೋಗಿ ಕೇಳಲಿಲ್ಲ. ಕಾಲೇಜಿನಿಂದ ಅವನ ಮನೆಗೆ ಎಷ್ಟು ದೂರ ಹೇಳಿ? ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು! ಒಂಬತ್ತು ವರ್ಷ ಬಿಟ್ಟು ಅದನ್ನೇ ಬರೆದು ನಾನು ಅಂಕಣದ ದುಡ್ಡು ಎಣಿಸಿಕೊಂಡೆ. ಆ ಸಂಚಿಕೆ ಬಂದಾಗ ಅಪ್ಪಯ್ಯ ಇನ್ನೂ ಬದುಕಿದ್ದ.

ನನಗೆ ಮಾತು ಹೊರಡಲಿಲ್ಲ. ಕ್ಷಮಿಸು ಅನ್ನಲು ಬಾಯಿ ತೆರೆದೆ. ಅವನು ಕೈ ಬೀಸಿ ನಿಲ್ಲಿಸಿದ.

"ನೀ ಹಿಡ್ದ್ ಕೂರ್ಸದ್ದ್ ಹೌದ್. ಆರೆ ಕೂತದ್ದ್ ನಾನೇ ಅಲ್ದಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಬ್ಬಿಗ್ ಇನ್ನೂ ಗೊತ್ತಿಲ್ಲ. ಹಗ್ಗ ಸಿಕ್ಹಾಕ್ಕಂಡಿತ್ತ್ ಅಂದ್ ಹೇಳಿದ್ದೆ ಆವತ್ತ್" ಅಂದ.

"ಬರೀಲಾ? ತಪ್ಪು ತಿದ್ದಬೇಕಲ್ಲ" ಎಂದು ಕೇಳಿದೆ. ಬರೆಯುವವನ ಬುದ್ಧಿ ನೋಡಿ, ಆ ಹೊತ್ತಿನಲ್ಲೂ ಅದೇ.

ಅವನು ನಕ್ಕ. "ಬರಿ. ಹೆಸ್ರ್ ಬೇಡ. ಅಬ್ಬಿಗ್ ಓದುಕ್ ಬತ್ತಿಲ್ಲೆ."

ಆದ್ದರಿಂದ ಓದುಗರೇ, ತಿದ್ದುಪಡಿ ಹೀಗಿದೆ: ಆ ಗೆಳೆಯ ಒಂದು ಚಿತ್ರದ ಕ್ಲೈಮ್ಯಾಕ್ಸ್ ನೋಡಿದ್ದಾನೆ. ಪರೀಕ್ಷೆಗೆ ಹೆದರಿದವನಲ್ಲ. ಈ ಎರಡು ಸಂಗತಿ ತಪ್ಪಾಗಿ ಅಚ್ಚಾಗಿದ್ದವು. ತಪ್ಪು ಈ ಅಂಕಣಕಾರನದು.

ನಾವಿಬ್ಬರೂ ಅಂಗಳಕ್ಕೆ ಹಿಂದಿರುಗುವಾಗ ಪಂಚೆಯ ಮೇಲೆ ಬರೀ ಬಿಳಿ ಬೆಳಕು. ಚಿತ್ರ ಮುಗಿದಿತ್ತು. ಬೈಂದೂರಿನವನು ಚಾಪೆಯ ಮೇಲೆ ಗೊರಕೆ. ಅಬ್ಬಿ ಕೂತಲ್ಲೇ ತೂಕಡಿಸುತ್ತಿದ್ದಳು. ದುಬೈಯವನು ಮಾತ್ರ ಎಚ್ಚರವಿದ್ದು, "ಎಲ್ಲ್ ಹೋಯಿದ್ರಿ? ಕ್ಲೈಮ್ಯಾಕ್ಸೇ ತಪ್ಪಿ ಹೋಯ್ತಲೆ!" ಎಂದು ಬೈದ. ಕುದ್ರುವಿನವನು ಅವನ ಎದುರು ಚಕ್ಕಳಮಕ್ಕಳ ಹಾಕಿ ಕೂತ. "ಹೇಳ್ ಕಾಂಬ, ಎಂತ ಆಯ್ತ್?" ಅಂದ.

ದುಬೈಯವನು ಕೈ ಬೀಸಿ, ಎದ್ದು ನಿಂತು, ಮಚ್ಚು ಎತ್ತಿದ ಹಾಗೆ ಮಾಡಿ ಹೇಳಿದ. ಎರಡು ಕಡೆ ತಪ್ಪು ಹೇಳಿದ. ಕುದ್ರುವಿನವನು ಬಾಯಿ ಬಿಟ್ಟುಕೊಂಡು ಕೇಳಿದ. ನಾನು ತಿದ್ದಲು ಹೋಗಲಿಲ್ಲ.